‘ಮನೇಲೇ ಕೂತು’ ಅಂತ ಯಾರು ಹೇಳಿದ್ದು?

1/8

ಈ ಆ್ಯಪ್ ತೆಗೆದ್ರೆ ಸಾಕು, ಹತ್ತು ರೀಲ್‌ಗೆ ಒಂದು ರೀಲ್ ಇದೇ: “ಮನೇಲೇ ಕೂತು ದುಡಿಯಿರಿ.” ಹಿಂದೆ ಒಂದು ಖುಷಿ ಮ್ಯೂಸಿಕ್, ಮುಂದೆ ನಗ್ತಿರೋ ಒಬ್ಬ ಹೆಂಗಸು, ಕೈಯಲ್ಲಿ ಕಾಫಿ ಲೋಟ, ಪಕ್ಕದಲ್ಲಿ ಪ್ಯಾಕ್ ಆಗಿರೋ ನಾಲ್ಕು ಕವರ್. ಕೆಳಗೆ ಕಮೆಂಟ್: “ಮನೆನೂ ನೋಡ್ಕೊಂಡು ಬಿಸಿನೆಸ್ಸೂ ಮಾಡ್ತಾರೆ, ಗ್ರೇಟ್ ಅಕ್ಕ.”

ನನ್ನ ತಕರಾರು ಎರಡು ಪದಗಳ ಮೇಲೆ. ಒಂದು ‘ಕೂತು’. ಇನ್ನೊಂದು ‘ಮನೆನೂ ನೋಡ್ಕೊಂಡು’.

ನಮ್ಮ ದಾವಣಗೆರೆ ಮಂಡಿಪೇಟೆಯಲ್ಲಿ ಎಷ್ಟೊಂದು ಅಂಗಡಿ ಇವೆ. ಅಲ್ಲಿ ಗಲ್ಲಾ ಮೇಲೆ ಕೂತ ಒಬ್ಬ ಗಂಡಸಿಗೂ “ಮನೆನೂ ನೋಡ್ಕೊಂಡು ಅಂಗಡಿನೂ ನಡೆಸ್ತೀರಲ್ಲ, ಗ್ರೇಟ್ ಅಣ್ಣ” ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ. ಅವರು ಅಂಗಡಿ ನಡೆಸ್ತಾರೆ, ಅಷ್ಟೇ. ಅದೇ ಕೆಲಸ ಫೋನಲ್ಲಿ ಒಬ್ಬ ಹೆಂಗಸು ಮಾಡಿದ್ರೆ ಮಾತ್ರ ಮನೆ ಅನ್ನೋದು ಸರ್ಟಿಫಿಕೇಟಲ್ಲಿ ಸೇರ್ಕೊಳ್ಳುತ್ತೆ. ಹೊಗಳಿಕೆ ತರ ಕೇಳಿಸುತ್ತೆ ಅಲ್ವಾ? ಸ್ವಲ್ಪ ಯೋಚನೆ ಮಾಡಿ, ಅದು ಷರತ್ತು. ಮನೆ ಪೂರ್ತಿ ನೋಡ್ಕೊಂಡ ಮೇಲೆ ಉಳಿದ ಟೈಮಲ್ಲಿ ಬಿಸಿನೆಸ್ ಮಾಡ್ಬಹುದು ಅಂತ.

ನಮ್ಮ ಚಿಕ್ಕಮ್ಮ ಆನ್‌ಲೈನಲ್ಲಿ ಇಳಕಲ್ ಸೀರೆ, ಗುಳೇದಗುಡ್ಡ ಖಣ ಮಾರ್ತಾರೆ. ನಾನು ಬಿಕಾಂ ಓದ್ತಿರೋದ್ರಿಂದ ಹದಿನೈದು ದಿನಕ್ಕೊಮ್ಮೆ ಹೋಗಿ ಅವರ ಲೆಕ್ಕ ಬರೀತೀನಿ. ಈ ಸರಣಿ ಆ ಲೆಕ್ಕದ ಪುಸ್ತಕದಿಂದ ಹುಟ್ಟಿದ್ದು. ಅವರನ್ನ ಕೇಳಿಯೇ ಬರೀತಿದೀನಿ. ಅವರು ಹೇಳಿದ್ದು ಒಂದೇ ಮಾತು: “ಬರಿ, ಆದ್ರೆ ಅಯ್ಯೋ ಪಾಪ ಅನ್ನೋ ತರ ಬರೀಬೇಡ.”

ಸರಿ. ಪಾಪ ಇಲ್ಲ, ಲೆಕ್ಕ ಮಾತ್ರ.

2/8

ಮೊದಲು ದಿನ ಹೇಗಿರುತ್ತೆ ನೋಡಿ.

ಐದೂವರೆಗೆ ಏಳೋದು. ತಿಂಡಿ, ಮೂರು ಡಬ್ಬಿ, ಚಿಕ್ಕವಳ ಜಡೆ, ಅಜ್ಜನ ಬಿಪಿ ಮಾತ್ರೆ. ಒಂಬತ್ತೂವರೆಗೆ ಮನೆ ಖಾಲಿ. ಅಂಗಡಿಯ ನಿಜವಾದ ಕೆಲಸ ಶುರು ಆಗೋದು ಆಗ.

ಹತ್ತರಿಂದ ಹನ್ನೆರಡು ಫೋಟೋ ಟೈಮ್. ಯಾಕಂದ್ರೆ ಹಿಂದಿನ ಬಾಲ್ಕನಿಗೆ ಒಳ್ಳೆ ಬೆಳಕು ಬರೋದು ಆಗ ಮಾತ್ರ. ಟ್ಯೂಬ್‌ಲೈಟ್ ಕೆಳಗೆ ತೆಗೆದ್ರೆ ದಾಳಿಂಬೆ ಕೆಂಪು ಇಟ್ಟಿಗೆ ಬಣ್ಣ ಆಗ್ಬಿಡುತ್ತೆ, ಆಮೇಲೆ “ಫೋಟೋದಲ್ಲಿ ಬೇರೆ ಇತ್ತು” ಅಂತ ವಾಪಸ್ ಬರುತ್ತೆ. ಆ ಎರಡು ಗಂಟೇಲಿ ಗ್ಯಾಸ್‌ನವನು ಬಂದ್ರೆ, ನೀರು ಬಂದ್ರೆ, ಯಾರೋ ನೆಂಟರು ‘ಮನೇಲೇ ಇರ್ತೀಯಲ್ಲ’ ಅಂತ ಬಂದು ಕೂತ್ರೆ, ಆ ದಿನದ ಪೋಸ್ಟ್ ಹೋಯ್ತು.

ಮಧ್ಯಾಹ್ನ ಮೆಸೇಜ್‌ಗೆ ಉತ್ತರ, ದುಡ್ಡು ಬಂದಿದ್ದು ಚೆಕ್ ಮಾಡೋದು, ಪ್ಯಾಕಿಂಗ್, ಅಡ್ರೆಸ್ ಬರೆಯೋದು. ಕೊರಿಯರ್ ಹುಡುಗ ಬರೋದು ನಾಲ್ಕೂವರೆಯಿಂದ ಐದರ ಒಳಗೆ. ಮಕ್ಕಳು ಸ್ಕೂಲಿಂದ ಬರೋದೂ ನಾಲ್ಕೂವರೆಗೇ. ಆ ಅರ್ಧ ಗಂಟೆ ಯಾರಾದ್ರೂ ವಿಡಿಯೋ ಮಾಡ್ಬೇಕು, ‘ಮನೇಲೇ ಕೂತು’ ಅಂತ ಹೇಳೋರಿಗೆ ತೋರಿಸೋಕೆ.

ಆಮೇಲೆ ಸಂಜೆ ಕಾಫಿ, ಹೋಂವರ್ಕ್, ರೊಟ್ಟಿ, ಪಲ್ಯ. ಊಟ ಬಡಿಸೋ ಟೈಮಿಗೆ ಫೋನ್ ಟಿಣ್ ಟಿಣ್ ಅನ್ನೋಕೆ ಶುರು.

ಇದು ನನಗೆ ಮೊದಲು ಅರ್ಥ ಆಗಿರ್ಲಿಲ್ಲ: ರಾತ್ರಿ ಒಂಬತ್ತೂವರೆ ಮೇಲೇನೇ ಯಾಕೆ ಇಷ್ಟು ಮೆಸೇಜ್? ಒಂದು ತಿಂಗಳ ಮೆಸೇಜ್‌ಗಳ ಟೈಮ್ ನೋಡಿ ಬರ್ಕೊಂಡೆ. ಅರ್ಧಕ್ಕಿಂತ ಜಾಸ್ತಿ ಆರ್ಡರ್ ಬಂದಿದ್ದು ಒಂಬತ್ತೂವರೆಯಿಂದ ಹನ್ನೊಂದೂವರೆ ಒಳಗೆ. ಕಾರಣ ಸರಳ. ಸೀರೆ ಕೊಳ್ಳೋರೂ ಹೆಂಗಸರೇ. ಅವರ ಮನೆ ಪಾತ್ರೆ ತೊಳೆದು, ಮಕ್ಕಳನ್ನ ಮಲಗಿಸಿ, ಫೋನ್ ಕೈಗೆ ತಗೊಳ್ಳೋದು ಆಗ್ಲೇ. ಅಂದ್ರೆ ಒಬ್ಬರ ಅಡುಗೆಮನೆ ಮುಚ್ಚಿದ ಮೇಲೆ ಇನ್ನೊಬ್ಬರ ಅಂಗಡಿ ತೆರೆಯುತ್ತೆ. ಎರಡೂ ಕಡೆ ಇರೋದು ಒಂದೇ ತರದ ಸುಸ್ತು.

3/8

“ಸೀರೆ ತರೋದು, ಫೋಟೋ ಹಾಕೋದು, ಮಾರೋದು, ಅದ್ರಲ್ಲೇನಿದೆ” ಅನ್ನೋರಿಗಾಗಿ ಈ ಭಾಗ.

ಇಳಕಲ್ ಇರೋದು ಬಾಗಲಕೋಟೆ ಜಿಲ್ಲೆಯಲ್ಲಿ. ಆ ಸೀರೆಗೆ ಭೌಗೋಳಿಕ ಸೂಚಿ, ಅಂದ್ರೆ ಜಿಐ ಮಾನ್ಯತೆ ಇದೆ. ಅದರ ವಿಶೇಷ ಸೆರಗಲ್ಲಿದೆ. ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕುಣಿಕೆ ತರ ಒಂದಕ್ಕೊಂದು ಸಿಗಿಸಿ ಜೋಡಿಸ್ತಾರೆ, ಅದಕ್ಕೆ ಕೊಂಡಿ ಅಂತಾರೆ. ಸಾಂಪ್ರದಾಯಿಕ ಸೆರಗು ಕೆಂಪು, ಅದರ ಮೇಲೆ ಬಿಳಿ ವಿನ್ಯಾಸ, ಹೆಸರು ಟೋಪಿ ತೆನಿ. ದಡದಲ್ಲಿ ಚಿಕ್ಕಿ ಇದೆ, ಗೋಮಿ ಇದೆ. ಒಡಲು ಹತ್ತಿಯದ್ದಿರಬಹುದು, ರೇಷ್ಮೆ ಇರಬಹುದು, ಎರಡೂ ಬೆರೆತಿರಬಹುದು. ಕೈಮಗ್ಗದ್ದಿರಬಹುದು, ವಿದ್ಯುತ್ ಮಗ್ಗದ್ದಿರಬಹುದು. ಪ್ರತಿಯೊಂದಕ್ಕೂ ಬೆಲೆ ಬೇರೆ.

ಇದೆಲ್ಲ ಫೋಟೋದಲ್ಲಿ ಕಾಣಲ್ಲ. ಹೇಳಿ ಒಪ್ಪಿಸಬೇಕು. ದಿನಕ್ಕೆ ಹತ್ತು ಸಲ.

“ಅಕ್ಕಾ ಪ್ರೈಸ್ ಪ್ಲೀಸ್.” (ಪೋಸ್ಟಲ್ಲೇ ಬರೆದಿರುತ್ತೆ.)
“ಬಣ್ಣ ಹೋಗುತ್ತಾ?”
“ಪ್ಯೂರ್ ಹ್ಯಾಂಡ್‌ಲೂಮಾ? ಬೇರೆ ಪೇಜಲ್ಲಿ 800ಕ್ಕೆ ಕೊಡ್ತಾರಲ್ಲ?”
“ಲಾಸ್ಟ್ ರೇಟ್ ಹೇಳಿ ಮೇಡಂ.”
“ಇದೇ ಬಾರ್ಡರ್, ಒಡಲು ಮಾತ್ರ ಗಿಳಿ ಹಸಿರು ಸಿಗುತ್ತಾ?”
“ಸರಿ, ಮನೆಯವರನ್ನ ಕೇಳಿ ಹೇಳ್ತೀನಿ.”

ಆ ಕೊನೆ ಮೆಸೇಜ್ ಬಂದ್ರೆ ಇಪ್ಪತ್ತು ನಿಮಿಷ ನೀರಲ್ಲಿ ಹೋಯ್ತು ಅಂತ ಅರ್ಥ. ಆದ್ರೂ ಚಿಕ್ಕಮ್ಮ “ಆಯ್ತು ಅಕ್ಕ, ನಿಧಾನವಾಗಿ ಹೇಳಿ” ಅಂತ ಕೈಮುಗಿಯೋ ಎಮೋಜಿ ಹಾಕ್ತಾರೆ.

ಬಟ್ಟೆ ಅಂಗಡಿಗೆ ಹೋಗಿ ನೋಡಿ. ಸೀರೆ ಬಿಚ್ಚಿ ತೋರ್ಸೋಕೆ ಒಬ್ಬ, ಬಿಲ್ ಮಾಡೋಕೆ ಒಬ್ಬ, ಪ್ಯಾಕ್ ಮಾಡೋಕೆ ಒಬ್ಬ, ಟೀ ತರೋಕೆ ಒಬ್ಬ. ಎಲ್ಲರಿಗೂ ಸಂಬಳ. ಇಲ್ಲಿ ಆ ನಾಲ್ಕು ಜನಾನೂ ಚಿಕ್ಕಮ್ಮನೇ. ಸಂಬಳ ಎಷ್ಟು? ಅದು ಮುಂದಿನ ಭಾಗ.

4/8

ಲೆಕ್ಕ. ಓದಕ್ಕೆ ಸುಲಭ ಆಗ್ಲಿ ಅಂತ ಅಂಕಿಗಳನ್ನ ಸ್ವಲ್ಪ ದುಂಡಗೆ ಮಾಡಿದೀನಿ.

ಒಂದು ಸೀರೆ ಕೊಂಡ ಬೆಲೆ ಸರಾಸರಿ 1,350. ಮಾರೋದು 1,750ಕ್ಕೆ, ಕೊರಿಯರ್ ಸೇರಿಸಿ. ಕೊರಿಯರ್ 90, ಕವರ್ ಮತ್ತೆ ಲೇಬಲ್ 20. ಉಳಿದಿದ್ದು 290.

ತಿಂಗಳಿಗೆ 60 ಸೀರೆ ಹೋದ್ರೆ 17,400.

ಅದ್ರಲ್ಲಿ ಕಳೀರಿ: ಇಂಟರ್ನೆಟ್, ಫೋನ್ 700. ವಾಪಸ್ ಬಂದ ಸೀರೆಗಳಿಂದ ನಷ್ಟ 1,500. ತಿಂಗಳಿಗೊಮ್ಮೆ ಇಳಕಲ್‌ಗೆ ಹೋಗಿ ಬರೋ ಖರ್ಚು 1,200. (2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ. ಇದು ಲಗೇಜು, ಆಟೋ, ಊಟದ್ದು.) ಒಟ್ಟು 3,400.

ಕೈಗೆ ಉಳಿಯೋದು 14,000.

ಮನೇಲಿ ಎಲ್ಲರೂ ಇದನ್ನೇ ಲಾಭ ಅಂತಾರೆ. ಆದ್ರೆ ಎರಡು ಖರ್ಚು ಇನ್ನೂ ಬರೆದೇ ಇಲ್ಲ.

ಒಂದು, ಬಂಡವಾಳ. ಬೀರುವಲ್ಲಿ ಯಾವಾಗ್ಲೂ ಒಂದೂವರೆ ಲಕ್ಷದ ಮಾಲು ಇರುತ್ತೆ. ಅದೇ ದುಡ್ಡು ಬ್ಯಾಂಕಲ್ಲಿ ಠೇವಣಿ ಇಟ್ಟಿದ್ರೆ, 7% ಬಡ್ಡಿ ಅಂತ ಇಟ್ಕೊಂಡ್ರೂ ವರ್ಷಕ್ಕೆ 10,500, ತಿಂಗಳಿಗೆ 875. ಅದನ್ನ ಕಳೆದ್ರೆ 13,125.

ಎರಡು, ಅವರ ಟೈಮ್. ಒಂದು ತಿಂಗಳು ನಾವಿಬ್ಬರೂ ಸೇರಿ ಬರೆದಿಟ್ವಿ. ದಿನಕ್ಕೆ ಸುಮಾರು 6 ಗಂಟೆ, 28 ದಿನ, ಒಟ್ಟು 168 ಗಂಟೆ.

13,125 ಭಾಗಿಸು 168. ಗಂಟೆಗೆ 78 ರೂಪಾಯಿ.

ಚಿಕ್ಕಮ್ಮ ಕ್ಯಾಲ್ಕುಲೇಟರ್ ನೋಡಿ ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಹೇಳಿದ್ರು, “ಆದ್ರೂ ಇದು ನಂದು ಕಣೇ.”

ಆ ಮಾತನ್ನ ನಾನು ಹಗುರವಾಗಿ ತಗೊಳ್ಳಲ್ಲ. ಬಟ್ಟೆ ಅಂಗಡೀಲಿ ಸೇಲ್ಸ್ ಕೆಲಸಕ್ಕೆ ಹೋದ್ರೆ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟೂವರೆ. ಆಗ ಮನೆ ಬಿಡಿ, ಮಕ್ಕಳ ಮುಖನೂ ನೋಡಕ್ಕಾಗಲ್ಲ. ಹೋಗು ಅಂತ ಹೇಳೋರೂ ಮನೇಲಿ ಯಾರೂ ಇಲ್ಲ. ಹಾಗಾಗಿ ಈ 78 ರೂಪಾಯಿ ಅವರಿಗಿರೋ ಆಯ್ಕೆಗಳಲ್ಲಿ ಒಳ್ಳೇದು. ನನ್ನ ಪ್ರಶ್ನೆ ಬೇರೆ: ಆಯ್ಕೆಗಳೇ ಇಷ್ಟು ಕಡಿಮೆ ಯಾಕೆ?

5/8

ಮೊದಲ ಸೆಮಿಸ್ಟರ್‌ನಲ್ಲೇ ನಮಗೆ ಒಂದು ನಿಯಮ ಹೇಳ್ಕೊಡ್ತಾರೆ. ವ್ಯವಹಾರ ಬೇರೆ, ಮಾಲೀಕ ಬೇರೆ. ಮಾಲೀಕ ಅಂಗಡಿ ಗಲ್ಲಾದಿಂದ ಮನೆಗೆ ದುಡ್ಡು ತಗೊಂಡ್ರೆ ಅದನ್ನ ‘ಡ್ರಾಯಿಂಗ್ಸ್’ ಅಂತ ಬರೀಬೇಕು. ಪರೀಕ್ಷೇಲಿ ಎಲ್ಲರೂ ಸರಿಯಾಗಿ ಬರೀತೀವಿ.

ಮನೇಲಿ? ಟ್ಯೂಷನ್ ಫೀಸ್ 2,500 ಅಂಗಡಿ ದುಡ್ಡಿಂದ. ಗ್ಯಾಸ್ ಸಿಲಿಂಡರ್ ಅಂಗಡಿ ದುಡ್ಡಿಂದ. ನಾದಿನಿ ಮಗುವಿನ ನಾಮಕರಣಕ್ಕೆ ಒಂದು ಸೀರೆ, ಅದೂ ಬೀರುವಿಂದಲೇ, “ನಿನ್ನ ಹತ್ರಾನೇ ಐತಲ್ಲ.” ಇದ್ಯಾವುದೂ ಎಲ್ಲೂ ಬರೆದಿಲ್ಲ. ತಿಂಗಳ ಕೊನೆಗೆ ಹೊಸ ಮಾಲು ತರೋಕೆ ದುಡ್ಡು ಸಾಲದೆ ಬಂದಾಗ ಎಲ್ಲರೂ ಕೇಳೋದು, “ಅಷ್ಟು ಒದ್ದಾಡ್ತೀಯ, ಉಳಿಯೋದೇನು?”

ಉಳಿದಿದ್ದನ್ನ ಊಟ ಮಾಡಿದ್ದು ಯಾರು ಅಂತ ಪುಸ್ತಕದಲ್ಲಿ ಇಲ್ಲ ಅಷ್ಟೇ.

ಇದ್ರಲ್ಲಿ ಇನ್ನೊಂದು ಅಪಾಯ ಇದೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿದೆ ಅಲ್ವಾ? ಬೆಂಗಳೂರಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಬೋರ್ಡ್ ತೆಗೆದು ‘ಕ್ಯಾಶ್ ಮಾತ್ರ’ ಅಂತ ಚೀಟಿ ಅಂಟಿಸಿದ್ರು. ಆ ವಾರ ಚಿಕ್ಕಮ್ಮನೂ ಹೆದರಿದ್ರು. ಅವರ ವಹಿವಾಟು ಚಿಕ್ಕದು. ಆದ್ರೆ ಅವರ ಒಂದೇ ಖಾತೆಗೆ ಸೀರೆ ದುಡ್ಡೂ ಬರುತ್ತೆ, ತಮ್ಮ ಕಳಿಸಿದ ಕೈಸಾಲನೂ ಬರುತ್ತೆ, ಚೀಟಿ ದುಡ್ಡೂ ಬರುತ್ತೆ. ಹೊರಗಿಂದ ನೋಡಿದ್ರೆ ಎಲ್ಲವೂ ವ್ಯಾಪಾರದ ತರ ಕಾಣುತ್ತೆ. ಬಿಡಿಸಿ ತೋರ್ಸೋಕೆ ಪುಸ್ತಕ ಬೇಕು.

ಗೊತ್ತಿಲ್ಲದವರಿಗೆ: ಸರಕು ಮಾರೋರಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು. ಆದ್ರೆ ಬೇರೆ ರಾಜ್ಯಕ್ಕೆ ಮಾರಿದ್ರೆ ಸಾಮಾನ್ಯವಾಗಿ ವಹಿವಾಟು ಎಷ್ಟೇ ಇರಲಿ ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ. ನಿಮ್ಮ ಮಾಲು ಆ ಪಟ್ಟೀಲಿ ಬರುತ್ತಾ ಅಂತ ತೆರಿಗೆ ಸಲಹೆಗಾರರ ಹತ್ರ ಕೇಳ್ಕೊಳ್ಳಿ, ರೀಲ್ ನೋಡಿ ನಿರ್ಧಾರ ಮಾಡ್ಬೇಡಿ. ಇಳಕಲ್ ಸೀರೆಗೆ ಸೊಲ್ಲಾಪುರ, ಕೊಲ್ಲಾಪುರದ ಕಡೆ ಒಳ್ಳೆ ಬೇಡಿಕೆ. ಆದ್ರೆ ಅಲ್ಲಿಂದ ಆರ್ಡರ್ ಬಂದ್ರೆ ಚಿಕ್ಕಮ್ಮ ಸದ್ಯಕ್ಕೆ ಇಲ್ಲ ಅಂತಾರೆ. ಪ್ರತಿ ತಿಂಗಳ ರಿಟರ್ನ್ಸ್ ಕೆಲಸ ಆ ಆರು ಗಂಟೆಯೊಳಗೆ ಎಲ್ಲಿ ಹಿಡಿಸೋದು?

6/8

ಈಗ ‘ಬ್ಯಾಲೆನ್ಸ್’ ಅನ್ನೋ ಪದಕ್ಕೆ ಬರೋಣ. ಕೆಲಸ ಮತ್ತೆ ಮನೆ ಬ್ಯಾಲೆನ್ಸ್ ಮಾಡೋದು ಹೇಗೆ ಅಂತ ಹೆಂಗಸರಿಗೆ ಟಿಪ್ಸ್ ಕೊಡೋ ಪೇಜ್‌ಗಳು ತುಂಬಾ ಇವೆ. ಬೇಗ ಏಳಿ. ಪಟ್ಟಿ ಮಾಡಿ. ಭಾನುವಾರವೇ ತರಕಾರಿ ಹೆಚ್ಚಿ ಫ್ರಿಜ್ಜಲ್ಲಿಡಿ.

ನಮ್ಮ ಸಬ್ಜೆಕ್ಟಲ್ಲಿ ಬ್ಯಾಲೆನ್ಸ್ ಅಂದ್ರೆ ಮ್ಯಾಜಿಕ್ ಅಲ್ಲ. ಒಂದು ಕಡೆ ಡೆಬಿಟ್ ಆದ್ರೆ ಇನ್ನೊಂದು ಕಡೆ ಕ್ರೆಡಿಟ್ ಆಗ್ಲೇಬೇಕು. ಎಲ್ಲಿಂದಲೋ ಬಂದಿರ್ಬೇಕು, ಎಲ್ಲಿಗೋ ಹೋಗಿರ್ಬೇಕು. ಹಾಗಿದ್ರೆ ದಿನಕ್ಕೆ ಆರು ಗಂಟೆ ಅಂಗಡಿ ಕೆಲಸ ಸೇರ್ಕೊಂಡಾಗ ಆ ಆರು ಗಂಟೆ ಯಾವ ಖಾತೆಯಿಂದ ಬಂತು?

ಅಡುಗೆಯಿಂದ ಬಂದಿಲ್ಲ, ಮೊದಲಿನಷ್ಟೇ ಅಡುಗೆ. ಅಜ್ಜನ ಆರೈಕೆಯಿಂದ ಬಂದಿಲ್ಲ. ಹಬ್ಬ, ನೆಂಟರು, ಪೇರೆಂಟ್ಸ್ ಮೀಟಿಂಗ್, ಯಾವುದೂ ಕಡಿಮೆ ಆಗಿಲ್ಲ. ಬಂದಿದ್ದು ನಿದ್ದೆಯಿಂದ. ಮಧ್ಯಾಹ್ನದ ಅರ್ಧ ಗಂಟೆ ಮಲಗೋದ್ರಿಂದ. ಮೊದಲು ಓದ್ತಿದ್ದ ಲೈಬ್ರರಿ ಪುಸ್ತಕದಿಂದ. ಮೊಣಕಾಲು ನೋವಿಗೆ ಡಾಕ್ಟರ್ ಹತ್ರ ಹೋಗೋದನ್ನ ಮುಂದೂಡಿದ್ದರಿಂದ.

ಇದು ನಮ್ಮ ಒಂದು ಮನೆ ಕಥೆ ಅಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡ್ತಾರೆ. ಮಾಡೋ ಗಂಡಸರು ಕೊಡೋದು 88 ನಿಮಿಷ. ಗಮನಿಸಿ, ಇದು ಮನೆಗೆಲಸಕ್ಕೆ ಕೈ ಹಾಕೋ ಗಂಡಸರ ಲೆಕ್ಕ ಮಾತ್ರ. ಕೈ ಹಾಕದೇ ಇರೋರು ಈ ಸರಾಸರೀಲಿ ಇಲ್ವೇ ಇಲ್ಲ. ವ್ಯತ್ಯಾಸ 201 ನಿಮಿಷ. ಮೂರು ಗಂಟೆ ಇಪ್ಪತ್ತೊಂದು ನಿಮಿಷ.

ಚಿಕ್ಕಪ್ಪನ ಬಗ್ಗೆ ಕೆಟ್ಟದಾಗಿ ಬರೀತಿಲ್ಲ. ಅವರು ಒಂದು ಹಾರ್ಡ್‌ವೇರ್ ಅಂಗಡೀಲಿ ರಾತ್ರಿ ಎಂಟರವರೆಗೆ ನಿಂತೇ ಕೆಲಸ ಮಾಡ್ತಾರೆ. ಸುಸ್ತಾಗಿ ಬರ್ತಾರೆ. ಆದ್ರೆ ಅವರ ಸುಸ್ತು ಮನೆ ಬಾಗಿಲ ಹತ್ರ ಮುಗಿಯುತ್ತೆ. ಬಂದು ಕೂತ್ರೆ ನೀರು ಬರುತ್ತೆ. ಚಿಕ್ಕಮ್ಮನ ಸುಸ್ತಿಗೆ ಅಂತ ಬಾಗಿಲೇ ಇಲ್ಲ.

ಹಾಗಾಗಿ ಟಿಪ್ಸ್ ಕೊಡೋರಿಗೆ ನನ್ನ ಮಾತು: ಇದು ಟೈಮ್ ಮ್ಯಾನೇಜ್‌ಮೆಂಟ್ ಸಮಸ್ಯೆ ಅಲ್ಲ. ಹಂಚಿಕೆ ಸಮಸ್ಯೆ.

7/8

ಇಷ್ಟೆಲ್ಲ ಈಗ ಯಾಕೆ ಬರೀತಿದೀನಿ ಅಂದ್ರೆ, ನಮ್ಮ ಮನೆಯಲ್ಲಿ ಒಂದು ಮಾತು ಶುರುವಾಗಿದೆ. ಚಿಕ್ಕಮ್ಮನ ದೊಡ್ಡ ಮಗ ಈ ವರ್ಷ ಎಸ್‌ಎಸ್‌ಎಲ್‌ಸಿ. “ಒಂದು ವರ್ಷ ಅಂಗಡಿ ನಿಲ್ಸು, ಹುಡುಗನ ಕಡೆ ನೋಡು.” ಅಜ್ಜಿ ಹೇಳ್ತಾರೆ, ಚಿಕ್ಕಪ್ಪ ಹೇಳ್ತಾರೆ, ಮದುವೆ ಮನೇಲಿ ಸಿಕ್ಕ ನೆಂಟರೂ ಹೇಳ್ತಾರೆ.

ಅವರ ಮಾತಲ್ಲಿ ನಿಜ ಇಲ್ಲ ಅಂತಲ್ಲ. ಅಜ್ಜಿ ದೂರು, “ಉಣ್ಣೋವಾಗ್ಲೂ ಆ ಫೋನು ಕೈಯಾಗೇ ಐತೆ.” ಐತೆ, ನಾನೂ ನೋಡಿದೀನಿ. ಚಿಕ್ಕವಳು ಒಂದು ದಿನ ಚಿತ್ರ ಬರೆದಿದ್ದಳು, ನಮ್ಮ ಮನೆ ಅಂತ. ಅದರಲ್ಲಿ ಅಮ್ಮನ ಕೈಗೆ ಅಂಟಿಕೊಂಡಂಗೆ ಒಂದು ಫೋನ್. ಚಿಕ್ಕಮ್ಮ ಅದನ್ನ ಫ್ರಿಜ್ ಮೇಲೆ ಅಂಟಿಸಿದಾರೆ. ಅದರ ಬಗ್ಗೆ ಜಾಸ್ತಿ ಮಾತಾಡಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬೀದೀಲಿರೋ ಅಂಗಡಿಗೆ ಶಟರ್ ಇರುತ್ತೆ. ಎತ್ತಿದ್ರೆ ಕೆಲಸ, ಇಳಿಸಿದ್ರೆ ಮನೆ. ಎಲ್ಲರಿಗೂ ಕಾಣುತ್ತೆ. ಫೋನಿನಲ್ಲಿರೋ ಅಂಗಡಿಗೆ ಶಟರ್ ಇಲ್ಲ. ಚಿಕ್ಕಮ್ಮ ಆರ್ಡರ್ ತಗೊಳ್ತಿದ್ರೂ, ಸುಮ್ನೆ ರೀಲ್ ನೋಡ್ತಿದ್ರೂ, ನೋಡೋರಿಗೆ ಒಂದೇ ತರ ಕಾಣೋದು: ಮೊಬೈಲ್ ಹಿಡ್ಕೊಂಡು ಕೂತಿದ್ದಾಳೆ. ಅವರ ದುಡಿಮೆ ಸೋಮಾರಿತನದ ತರ ಕಾಣುತ್ತೆ. ಚಿಕ್ಕಪ್ಪನ ದುಡಿಮೆ ಹಾಗೆ ಯಾವತ್ತೂ ಕಾಣಲ್ಲ.

ಆದ್ರೆ ‘ಒಂದು ವರ್ಷ ನಿಲ್ಸು’ ಅನ್ನೋದನ್ನ ನಾನು ಒಪ್ಪಲ್ಲ. ಮೂರು ಕಾರಣ.

ಮೊದಲನೇದು, ಈ ತರ ಅಂಗಡಿ ನಿಲ್ಲಿಸಿ ಮತ್ತೆ ಶುರು ಮಾಡೋದು ಅಂತ ಇರಲ್ಲ. ಎರಡು ತಿಂಗಳು ಪೋಸ್ಟ್ ಹಾಕದಿದ್ರೆ ಗಿರಾಕಿಗಳು ಬೇರೆ ಪೇಜ್ ಹುಡುಕ್ಕೊಳ್ತಾರೆ. ನಾಲ್ಕು ವರ್ಷ ಕಟ್ಟಿದ ನಂಬಿಕೆ ಬೀರುವಲ್ಲಿ ಇಡೋ ವಸ್ತು ಅಲ್ಲ. ಇಳಕಲ್‌ನಲ್ಲಿ ಇವರಿಗೆ ಸೀರೆ ಕೊಡೋ ನೇಕಾರರ ಮನೆಯವರೂ ಇವರ ತಿಂಗಳ ಆರ್ಡರ್ ನಂಬ್ಕೊಂಡಿದಾರೆ.

ಎರಡನೇದು, ಹುಡುಗನ ಟ್ಯೂಷನ್ ಫೀಸ್ ಬರ್ತಿರೋದೇ ಆ ಅಂಗಡಿಯಿಂದ. ಅವನ ಓದಿಗಾಗಿ ಅವನ ಫೀಸಿನ ಮೂಲ ಮುಚ್ಚೋದು ಯಾವ ಲೆಕ್ಕ?

ಮೂರನೇದು ನನಗೆ ಮುಖ್ಯ. ಎಸ್‌ಎಸ್‌ಎಲ್‌ಸಿ ಆದ್ಮೇಲೆ ಪಿಯುಸಿ. ಆಮೇಲೆ ಚಿಕ್ಕವಳ ಎಸ್‌ಎಸ್‌ಎಲ್‌ಸಿ. ಆಮೇಲೆ ಅಜ್ಜನ ಆಪರೇಷನ್. ಮನೆಗೆ ಯಾವಾಗ್ಲೂ ಒಂದು ‘ಈ ವರ್ಷ’ ಇದ್ದೇ ಇರುತ್ತೆ. ನಿಲ್ಲಿಸು ಅಂತ ಕೇಳೋದು ಮಾತ್ರ ಯಾವಾಗ್ಲೂ ಒಬ್ಬರನ್ನೇ.

8/8

ಹಾಗಾದ್ರೆ ಏನ್ ಮಾಡೋದು? ದೊಡ್ಡ ಪರಿಹಾರ ನನ್ನ ಹತ್ರ ಇಲ್ಲ. ನಾವು ಶುರು ಮಾಡಿದ್ದು ಇಷ್ಟು.

ಶಟರ್ ಹಾಕಿದ್ವಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಅಂಗಡಿ ಸಮಯ ಬರೆದು, ಆ ಸಮಯದ ಆಚೆ ತಾನಾಗೇ ಹೋಗೋ ಉತ್ತರ ಇಟ್ವಿ: “ನಾಳೆ ಹತ್ತು ಗಂಟೆಗೆ ಉತ್ತರಿಸ್ತೀನಿ ಅಕ್ಕ.” ರಾತ್ರಿ ವ್ಯಾಪಾರ ವಾರಕ್ಕೆ ಮೂರು ದಿನ ಮಾತ್ರ. ಭಾನುವಾರ ಪೂರ್ತಿ ರಜೆ. ಪದೇ ಪದೇ ಬರೋ ಪ್ರಶ್ನೆಗಳಿಗೆ ಉತ್ತರ ಮೊದಲೇ ಬರೆದಿಟ್ವಿ.

ಎರಡನೇ ಬ್ಯಾಂಕ್ ಖಾತೆ ತೆಗೆದ್ವಿ. ಅಂಗಡಿ ದುಡ್ಡು ಅಲ್ಲಿಗೇ ಬರೋದು. ಪ್ರತಿ ತಿಂಗಳು ಒಂದನೇ ತಾರೀಖು ಅಲ್ಲಿಂದ ಚಿಕ್ಕಮ್ಮನಿಗೆ 6,000 ‘ಸಂಬಳ’ ಅಂತ ಹೋಗುತ್ತೆ. ಶಾಸ್ತ್ರದ ಪ್ರಕಾರ ಅದು ಡ್ರಾಯಿಂಗ್ಸೇ, ಗೊತ್ತು, ಮೇಷ್ಟ್ರು ಬೈಯ್ಬೇಡಿ. ಆದ್ರೆ ಮನೆಯವರಿಗೆ ಅರ್ಥ ಆಗೋದು ಸಂಬಳ ಅನ್ನೋ ಪದ. ಮನೆಗೆ ಹೋಗೋ ದುಡ್ಡೂ, ನಾಮಕರಣದ ಸೀರೆಯೂ ಈಗ ಪುಸ್ತಕದಲ್ಲಿದೆ.

ಮೂರನೇದು ಕಷ್ಟದ್ದು: ಹಂಚಿಕೆ. ಚಿಕ್ಕಪ್ಪ ‘ಹೆಲ್ಪ್’ ಮಾಡ್ತೀನಿ ಅಂದ್ರು. ಹೆಲ್ಪ್ ಬೇಡ ಅಂದೆ. ಹೆಲ್ಪ್ ಅಂದ್ರೆ ಕೆಲಸ ಅವರದ್ದೇ, ನೀವು ಅತಿಥಿ ಕಲಾವಿದ. ಕೊನೆಗೆ ಎರಡು ಕೆಲಸ ಪೂರ್ತಿ ಅವರ ಹೆಸರಿಗೆ ಬಂತು: ಅಜ್ಜನ ಮಾತ್ರೆ, ಆಸ್ಪತ್ರೆ ಎಲ್ಲಾ ಒಂದು. ರಾತ್ರಿ ಪಾತ್ರೆ ಇನ್ನೊಂದು. ಹುಡುಗ ತನ್ನ ಡಬ್ಬಿ ತಾನೇ ತುಂಬ್ಕೊಳ್ತಾನೆ. ಅಜ್ಜಿಗೆ ಪಾತ್ರೆ ವಿಷಯ ಇನ್ನೂ ಇಷ್ಟ ಇಲ್ಲ, ಅಡುಗೆಮನೆ ಕಡೆ ನೋಡೋದೇ ಬಿಟ್ಟಿದಾರೆ.

ಮೂರು ವಾರ ಆಯ್ತು. ಮೊದಲ ವಾರ ಆರ್ಡರ್ ಕಡಿಮೆ ಆದವು. ಈಗ ಸ್ವಲ್ಪ ಚೇತರಿಸಿವೆ, ಆದ್ರೆ ಮೊದಲಿನಷ್ಟು ಇನ್ನೂ ಇಲ್ಲ. ಅಂಗಡಿ ಮುಚ್ಚೋ ಮಾತು ನಿಂತಿಲ್ಲ, ಅರ್ಧವಾರ್ಷಿಕ ಪರೀಕ್ಷೆ ಮಾರ್ಕ್ಸ್ ಬಂದ ಮೇಲೆ ನೋಡೋಣ ಅಂತ ಮುಂದೆ ಹೋಗಿದೆ. ಗಣಿತದಲ್ಲಿ ಎರಡು ಮಾರ್ಕ್ಸ್ ಕಡಿಮೆ ಬಂದ್ರೆ ಯಾರ ಮೇಲೆ ಬರುತ್ತೆ ಅಂತ ನಿಮಗೂ ಗೊತ್ತು.

ಕೊಳ್ಳೋರಿಗೂ ಒಂದು ಮಾತು. ಬೆಲೆ ಬರೆದಿದ್ರೆ ಓದಿ, ಆಮೇಲೆ ಕೇಳಿ. ರಾತ್ರಿ ಹನ್ನೊಂದಕ್ಕೆ ಕಾಲ್ ಮಾಡ್ಬೇಡಿ. ಪ್ಯಾಕ್ ಆದ್ಮೇಲೆ ಬೇಡ ಅನ್ಬೇಡಿ. ಮಾಲ್‌ನಲ್ಲಿ ಮಾತಾಡದೆ ಬಿಲ್ ಕಟ್ಟಿ ಬರೋರು ಇಲ್ಲಿ 50 ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡ್ಬೇಡಿ. ಆ ಅರ್ಧ ಗಂಟೆಗೆ ಅವರಿಗೆ ಸಿಗೋದು 39 ರೂಪಾಯಿ, ಲೆಕ್ಕ ಮೇಲೇ ಇದೆ.

ಮತ್ತೆ ಯಾರಾದ್ರೂ “ಮನೆನೂ ನೋಡ್ಕೊಂಡು ಬಿಸಿನೆಸ್ಸೂ ಮಾಡ್ತಾರೆ” ಅಂತ ಹೊಗಳಿದ್ರೆ ಒಂದೇ ಪ್ರಶ್ನೆ ಕೇಳಿ: ಅವರ ಮನೇಲಿ ಇನ್ನೂ ಯಾರ್ಯಾರಿದಾರೆ?

ನಿಮ್ಮ ಮನೇಲೂ ಇಂಥ ಶಟರ್ ಇಲ್ಲದ ಅಂಗಡಿ ಇದ್ರೆ ಕಮೆಂಟಲ್ಲಿ ಬರೀರಿ. ಅವರ ದಿನದ ಗಂಟೆಗಳನ್ನ ಒಂದು ತಿಂಗಳು ಬರೆದಿಡಿ. ಭಾಗಾಕಾರ ನಾನು ಮಾಡ್ಕೊಡ್ತೀನಿ. 🙂

#ಕನ್ನಡಬರಹ #ಇಳಕಲ್‌ಸೀರೆ #ದಾವಣಗೆರೆ #ಆನ್‌ಲೈನ್‌ಅಂಗಡಿ #ಬಿಕಾಂಡೈರಿ #ಶಟರ್‌ಇಲ್ಲದಅಂಗಡಿ